ನೆರೆಯವರ ಬಗ್ಗೆ ಮೂರು ನಿಮಿಷ

ಮೊಟ್ಟೆ ಒಡೆಯುತ್ತಿದ್ದೇವೆ. ಮುನ್ನೂರ ಅರವತ್ತು ಮೊಟ್ಟೆ, ಹನ್ನೊಂದು ಹೆಂಗಸರು, ಒಂದು ಉದ್ದನೆಯ ಸ್ಟೀಲ್ ಮೇಜು. ಯಾರೂ ಮಾತಾಡುತ್ತಿಲ್ಲ. ಟಕ್ ಎಂದು ಅಂಚಿಗೆ ಬಡಿದು ಹಳದಿ ಒಂದು ಬಕೆಟ್ಟಿಗೆ, ಬಿಳಿ ಇನ್ನೊಂದಕ್ಕೆ. ಟಕ್. ಟಕ್. ಮೊಟ್ಟೆ ಹಾಕಿ ಶಾವಿಗೆ ಮಾಡುವ ದಿನ ಬಾಯಿ ತೆರೆದರೆ ಹಿಟ್ಟಿನಲ್ಲಿ ಚಿಪ್ಪು ಬೀಳುತ್ತದೆ ಎಂಬುದು ನಮ್ಮ ಅಡುಗೆಮನೆಯ ಯಜಮಾನಿ ಬಾರ್ಬರಾ ಬಾಸೆಲ್ ನಂಬಿಕೆ. (ಬಾಸೆಲ್ ಎಂದರೆ ನಮ್ಮಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲ ಒಂದೇ. ಬಯ್ಯುವ ಹಕ್ಕಿರುವ ಹೆಂಗಸು ಎಂದಿಟ್ಟುಕೊಳ್ಳಿ.)

ಕಥೆ ಹೀಗೆ ಶುರುವಾಗಬಹುದೇ?

ನನಗೆ ಅನುಮಾನ. ಅಣ್ವಸ್ತ್ರದ ಕಥೆಯನ್ನು ಮೊಟ್ಟೆಯಿಂದ ಆರಂಭಿಸಿದರೆ ನೀವು ‘ಓಹೋ, ಮೊಟ್ಟೆ, ಒಡೆಯುವುದು, ಗೊತ್ತಾಯಿತು ಬಿಡಿ’ ಎಂದು ತಲೆಯಾಡಿಸುತ್ತೀರಿ. ಹಾಗೇನೂ ಇಲ್ಲ. ಅಂದು ನಿಜಕ್ಕೂ ಶಾವಿಗೆ ದಿನವಾಗಿತ್ತು. ಮೊಟ್ಟೆ ಮೊಟ್ಟೆಯೇ.

ಇನ್ನೊಂದು ಸಲ.

1.

ನಮ್ಮ ಬಾರ್ಲಿ ಹೊಲದ ನಡುವೆ ಒಂದು ಎಕರೆ ನಮ್ಮದಲ್ಲ. ಅದಕ್ಕೆ ತಂತಿ ಬೇಲಿ ಇದೆ, ಒಂದು ಕಂಬ ಇದೆ, ನೆಲದ ಮೇಲೆ ಕಾಂಕ್ರೀಟಿನ ದಪ್ಪ ಮುಚ್ಚಳ ಇದೆ. ಮುಚ್ಚಳದ ಕೆಳಗೆ ಏನಿದೆ ಎಂದು ಮೊಂಟಾನಾದ ಈ ಭಾಗದಲ್ಲಿ ಹಸುವಿನ ಕರುವಿಗೂ ಗೊತ್ತು. ನಾವು ಕಾಲೊನಿಯವರು (ಒಂದೇ ಅಡುಗೆಮನೆಯಲ್ಲಿ ಉಂಡು ಒಟ್ಟಿಗೆ ಬದುಕುವ ಹಳೆಯ ಕ್ರೈಸ್ತ ಪಂಗಡದವರು) ಅದನ್ನು ‘ನೆರೆಯವರು’ ಎನ್ನುತ್ತೇವೆ. ಒಳ್ಳೆಯ ನೆರೆಯವರು. ಅರವತ್ತು ವರ್ಷದಲ್ಲಿ ಒಂದು ಲೋಟ ಸಕ್ಕರೆ ಕೇಳಿಕೊಂಡು ಬಂದವರಲ್ಲ. ಟ್ರ್ಯಾಕ್ಟರನ್ನು ಅವರ ಸುತ್ತ ತಿರುಗಿಸಿಕೊಂಡು ಹೋಗಬೇಕು, ಅಷ್ಟೇ.

(ಒಮ್ಮೆ ಅಜ್ಜಿ ಬೇಲಿ ಕಾಯಲು ಬಂದ ಸೈನಿಕ ಹುಡುಗನಿಗೆ ಬಿಸಿ ಬನ್ ಕೊಡಲು ಹೋಗಿದ್ದಳಂತೆ. “ತಗೊಳ್ಳೋ ಹಾಗಿಲ್ಲ ಅಜ್ಜೀ” ಎಂದನಂತೆ ಅವನು. “ನೋಡೋ ಹಾಗಾದ್ರೂ ಇದ್ಯೇನಪ್ಪಾ?” ಎಂದು ಕೇಳಿ ಬೇಲಿಯ ಕಂಬದ ಮೇಲೆ ಇಟ್ಟು ಬಂದಳಂತೆ. ಕಾಗೆ ತಿಂದಿತು. ಇದು ಕಥೆಗೆ ಬೇಕಿಲ್ಲ. ಅಜ್ಜಿಯ ಹಠಕ್ಕೆ ಸೇರಿಸಿದ್ದೇನೆ.)

2.

ಬೇಲಿಯಿಂದ ಆರಂಭಿಸಿದ ಈ ಕರಡನ್ನು ರಾಹೆಲ್‌ಗೆ ಓದಿ ಹೇಳಿದೆ. ರಾಹೆಲ್ ನನ್ನ ದೊಡ್ಡಪ್ಪನ ಮಗಳು. ನನಗಿಂತ ಎರಡು ವರ್ಷ ಚಿಕ್ಕವಳು, ಮಾತಿನಲ್ಲಿ ಇಪ್ಪತ್ತು ವರ್ಷ ದೊಡ್ಡವಳು.

“ನಾನೆಲ್ಲಿ?” ಎಂದಳು.

“ಬರ್ತೀಯಾ. ಇರು.”

“ಕಾಗೆ ಬಂತು, ನಾನು ಇನ್ನೂ ಬಂದಿಲ್ಲ. ಚೆನ್ನಾಗಿದೆ ಕಣೇ ನಿನ್ನ ನ್ಯಾಯ.”

ಇಲ್ಲೊಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ನಮ್ಮ ಕಾಲೊನಿಯಲ್ಲಿ ಯಾರಿಗೂ ಸ್ವಂತದ್ದೇನೂ ಇಲ್ಲ. ಹೊಲ, ಹಸು, ಟ್ರಕ್ಕು, ಊಟದ ತಟ್ಟೆ, ಎಲ್ಲವೂ ತೊಂಬತ್ತನಾಲ್ಕು ಜನರಿಗೂ ಸೇರಿದ್ದು. ಈ ಪೆನ್ಸಿಲ್ ಕೂಡ. ಹಾಗಿದ್ದ ಮೇಲೆ ಕಥೆ ನನ್ನೊಬ್ಬಳದು ಹೇಗಾಗುತ್ತದೆ? ಆಗುವುದಿಲ್ಲ. ಆದ್ದರಿಂದ ಪಾತ್ರಗಳು ಒಬ್ಬೊಬ್ಬರಾಗಿ ಬಂದು ತಮ್ಮ ಪಾಲು ಕೇಳುತ್ತಿದ್ದಾರೆ.

ಈಗಷ್ಟೇ ಬಾಗಿಲಲ್ಲಿ ನಿಂತಿರುವವರು ಯೋಸ್ವಾ ವೆಟರ್. ನಮ್ಮ ಬೋಧಕರು. (ಹೆಂಗಸರಿಗೆ ಬಾಸೆಲ್ ಇದ್ದ ಹಾಗೆ ಹಿರಿಯ ಗಂಡಸರಿಗೆ ವೆಟರ್.) ಇದನ್ನು ಬರೆದು ಕೊಡು ಎಂದವರೇ ಅವರು.

“ಯುಸ್ಟೀನಾ, ಏನಾಯ್ತು ಅಂತ ಒಂದು ಹಾಳೇಲಿ ಬರ್ಕೊಡು ಅಂದೆ. ಇದೇನು ನಾಲ್ಕನೇ ಹಾಳೆ?”

“ಶುರು ಸಿಗ್ತಿಲ್ಲ, ವೆಟರ್.”

“ಮೇಲಿಂದ ಶುರು ಮಾಡು.” ಕನ್ನಡಕ ಏರಿಸಿ ಓದಿದರು. “ಇದರಲ್ಲಿ ‘ನಾನು’ ಅನ್ನೋದು ಎಷ್ಟು ಸಲ ಬಂದಿದೆ ಎಣಿಸಿದೀಯಾ?”

“ಇಲ್ಲ.”

“ಜಾಸ್ತಿ ಇದೆ. ಅರ್ಧ ತೆಗಿ.”

(ತೆಗೆಯಲು ಪ್ರಯತ್ನಿಸಿದೆ. ಕಥೆಯಲ್ಲಿ ಯಾರೂ ಉಳಿಯಲಿಲ್ಲ. ವಾಪಸು ಸೇರಿಸಿದ್ದೇನೆ.)

2, ಮತ್ತೊಮ್ಮೆ. ಬರೆದು ಕೊಡಬೇಕಾಗಿ ಬಂದದ್ದು ಏಕೆ

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಇನ್ನು ಒಂಬತ್ತು ದಿನ. ಅಂದು ಐವರಿಗೆ ದೀಕ್ಷಾಸ್ನಾನ. ಐವರಲ್ಲಿ ನಾನೊಬ್ಬಳು, ಅಥವಾ ಅಲ್ಲ. ಐದು ಭಾನುವಾರ ಹಿರಿಯರ ಮುಂದೆ ಕೂತು ಪಾಠ ಒಪ್ಪಿಸಿದ್ದೇನೆ. ಇನ್ನೊಂದು ಭಾನುವಾರ ಬಾಕಿ. ದೀಕ್ಷೆಯಾದರೆ ನಾನು ಕಾಲೊನಿಯ ಪೂರ್ತಿ ಸದಸ್ಯೆ. ಆಗದಿದ್ದರೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಮತ್ತೊಂದು ವರ್ಷ ಮಕ್ಕಳ ಲೆಕ್ಕಕ್ಕೆ.

ಹಿರಿಯರಿಗೆ ತಿಳಿಯಬೇಕಿರುವುದು ಒಂದೇ: ಮಾರ್ಚ್ ಹನ್ನೆರಡರಂದು ಪಟ್ಟಣದ ಸಭೆಯಲ್ಲಿ ನಾನು ಮಾಡಿದ್ದು ತಪ್ಪಿನಿಂದಲೋ, ಬೇಕೆಂದೋ? ತಪ್ಪಿನಿಂದಾದರೆ ಕ್ಷಮೆ. ಬೇಕೆಂದಾದರೆ ಮುಂದಿನ ವರ್ಷ.

ಒಂದು ವಾಕ್ಯದ ಕೆಲಸ. ಆ ವಾಕ್ಯ ಬರೆಯಲಾಗದೆ ಕಥೆ ಬರೆಯುತ್ತಿದ್ದೇನೆ.

4. ಸಭೆ (ಮೂರನೆಯದು ಎಲ್ಲಿ ಎಂದು ಕೇಳಬೇಡಿ, ಹರಿದು ಹಾಕಿದೆ. ಅದರಲ್ಲಿ ಸೂರ್ಯಾಸ್ತ ಇತ್ತು.)

ಮಧ್ಯಾಹ್ನ ಎರಡು ಗಂಟೆ. ಶಾಲೆಯ ಆಟದ ಮನೆ. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಉದ್ದನೆಯ ಮೇಜು, ಅದರ ಹಿಂದೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಆಡಳಿತ ಮಂಡಳಿಯ ಐವರು ಸದಸ್ಯರು. ನೂರಿಪ್ಪತ್ತು ಮಡಚುವ ಕುರ್ಚಿ. ಹಿಂದಿನ ಗೋಡೆಯ ಬಳಿ ನಾವು ಮೂವರು ಚುಕ್ಕೆಗಳಿರುವ ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಂಡು, ನಲವತ್ತು ಸೇಬಿನ ಪೈ ಮತ್ತು ಎರಡು ಹಂಡೆ ಕಾಫಿಯ ಹಿಂದೆ: ಬಾರ್ಬರಾ ಬಾಸೆಲ್, ರಾಹೆಲ್, ನಾನು. (ಬಂದಳು ನೋಡು ರಾಹೆಲ್. ಸಮಾಧಾನವೇ?)

ಹೊರಡುವಾಗ ಯೋಸ್ವಾ ವೆಟರ್ ವ್ಯಾನಿನ ಕಿಟಕಿಗೆ ಬಾಗಿ ಹೇಳಿದ್ದು ಇಷ್ಟು: “ಪೈ ಮಾರಿ. ಅಭಿಪ್ರಾಯ ಮಾರಬೇಡಿ.” ನಾವು ಯುದ್ಧ ಮಾಡುವವರಲ್ಲ, ಓಟು ಹಾಕುವವರಲ್ಲ, ಸಭೆಗಳಲ್ಲಿ ಮಾತಾಡುವವರೂ ಅಲ್ಲ. ಅದರಲ್ಲೂ ಹೆಂಗಸರು ನಮ್ಮದೇ ಸಭೆಯಲ್ಲೂ ಬಾಯಿ ಬಿಡುವುದಿಲ್ಲ. ಐನೂರು ವರ್ಷದಿಂದ ಹೀಗೇ ಬದುಕಿ ಬಂದಿದ್ದೇವೆ.

ವಿಷಯ ಏನೆಂದರೆ, ಕೌಂಟಿಯಿಂದ ರಾಜಧಾನಿಗೆ ಒಂದು ಪತ್ರ ಹೋಗಬೇಕೇ ಬೇಡವೇ. ನಮ್ಮ ಹೊಲಗಳಲ್ಲಿರುವ ಕ್ಷಿಪಣಿಗಳು ಆದೇಶ ಬಂದ ಕೆಲವೇ ನಿಮಿಷಗಳಲ್ಲಿ ಹಾರುವಂತೆ ಸಿದ್ಧವಾಗಿರುತ್ತವೆ. ಆ ಸಿದ್ಧತೆಯನ್ನು ಸ್ವಲ್ಪ ಸಡಿಲಿಸಿ, ಹಾರಿಸಲು ಒಂದು ದಿನವಾದರೂ ಹಿಡಿಯುವಂತೆ ಮಾಡಿ ಎಂದು ಪತ್ರ. ಕಿತ್ತು ಹಾಕಿ ಎಂದಲ್ಲ. ನಿಧಾನ ಮಾಡಿ ಎಂದು.

ಅಧ್ಯಕ್ಷ ಗ್ಲೆನ್ ಟಾರ್ಗರ್ಸನ್. ಬಿತ್ತನೆ ಬೀಜ ಮಾರುವವನು. ನಿಯಮ ಓದಿದ: ಒಬ್ಬೊಬ್ಬರಿಗೆ ಮೂರು ನಿಮಿಷ. ಹಸಿರು ದೀಪ ಇರುವಾಗ ಮಾತು, ಕೆಂಪಾದರೆ ನಿಲ್ಲಿಸಬೇಕು. “ಮೇಜಿನ ಹಿಂದಿರೋ ನಾವು ಯಾರ ಪ್ರಶ್ನೆಗೂ ಇವತ್ತು ಉತ್ತರ ಕೊಡಲ್ಲ. ಎಲ್ಲ ದಾಖಲಾಗುತ್ತೆ. ಕೇಳಿಸ್ಕೋತೀವಿ, ಅಷ್ಟೇ.” ಮೂಲೆಯಲ್ಲಿ ಒಬ್ಬ ಹೆಂಗಸು ಚಿಕ್ಕ ಯಂತ್ರದಲ್ಲಿ ಎಲ್ಲವನ್ನೂ ಟೈಪು ಮಾಡುತ್ತಿದ್ದಳು. ಗ್ಲೆನ್ ಕೆಮ್ಮಿದ್ದನ್ನೂ ದಾಖಲಿಸಿದಳೇನೋ.

ಮೊದಲು ವೇಡ್ ಲುಂಡರ್. ನಮ್ಮ ರಸ್ತೆಯ ಹಿಮ ತಳ್ಳುವವನು ಅವನೇ. ಆಗಲೇ ಎರಡು ಪೈ ಕೊಂಡಿದ್ದ.

“ನಮ್ಮಪ್ಪ ಕೋಳಿಗೂಡಿನ ಹತ್ರ ಬಂದೂಕು ಇಡ್ತಿದ್ದ. ತೋಟಾ ತುಂಬೇ ಇಡ್ತಿದ್ದ. ಬಂದೂಕು ಬಾಗಿಲಲ್ಲಿ, ತೋಟಾ ಅಟ್ಟದ ಮೇಲೆ ಅಂದ್ರೆ ನರಿ ನಕ್ಕೊಂಡು ಬರುತ್ತೆ. ಅದಕ್ಕೆ ಏಣಿ ಹತ್ತೋ ಸದ್ದು ಕೇಳಿಸುತ್ತೆ ಸ್ವಾಮಿ!”

ಹಿಂದಿನ ಸಾಲಿನಿಂದ ಒಂದು ಧ್ವನಿ: “ನಿಮ್ಮಪ್ಪ ಆ ಬಂದೂಕಲ್ಲಿ ಹೊಡೆದಿದ್ದು ತನ್ನ ನಾಯೀನೇ ಕಣೋ ವೇಡ್!”

ಸಭೆ ನಕ್ಕಿತು. ವೇಡ್ ತಿರುಗಿದ. “ಕತ್ತಲಿತ್ತು ಮಾರ್ಲಿಸ್! ಗಡಿಬಿಡೀಲಿ ಹೊಡೆದ!”

“ಅದನ್ನೇ ಕಣಪ್ಪ ನಾನೂ ಹೇಳೋಕೆ ಬಂದಿರೋದು.”

ಆಮೇಲೆ ಅವಳ ಸರದಿ. ಮಾರ್ಲಿಸ್ ಓಲಾಂಡ್, ನಿವೃತ್ತ ನರ್ಸು. ಕಾಲು ನೋವು, ಕೋಲು, ಕೆಂಪು ಕೋಟು.

“ನಲವತ್ತು ವರ್ಷ ಆಸ್ಪತ್ರೇಲಿದ್ದೆ. ಸುಮ್ಮಸುಮ್ನೆ ಹೊಡ್ಕೊಳ್ದೇ ಇರೋ ಎಚ್ಚರಿಕೆ ಗಂಟೆ ಒಂದೂ ನೋಡಿಲ್ಲ. ಹೃದಯ ನಿಂತೋಯ್ತು ಅಂತ ಯಂತ್ರ ಕಿರುಚಿದ್ರೆ, ನಾವು ಮೊದಲು ರೋಗಿ ಮುಖ ನೋಡ್ತೀವಿ. ಅರ್ಧ ಸಲ ಅವನು ಕೂತ್ಕೊಂಡು ಗಂಜಿ ಕುಡೀತಿರ್ತಾನೆ. ತಂತಿ ಬಿಚ್ಚಿರುತ್ತೆ. ಆ ಒಂದು ನೋಟಕ್ಕೆ ಟೈಮ್ ಕೊಡಿ ಅಂತಿದೀನಿ. ಯಾರ ಬಂದೂಕೂ ಕಿತ್ಕೋತಿಲ್ಲ.”

“ನರಿ ಕೊಡುತ್ತೇನಮ್ಮ ಟೈಮು?” ವೇಡ್ ಕೂತಲ್ಲಿಂದಲೇ ಕೂಗಿದ.

“ವೇಡ್, ನಿನ್ನ ಮೂರು ನಿಮಿಷ ಮುಗೀತು,” ಎಂದ ಗ್ಲೆನ್.

“ನನ್ನ ಟೈಮನ್ನ ಅವಳ ನಾಯಿಗೆ ಕೊಟ್ಟೆ!”

“ನಾಯಿ ನಿಮ್ಮನೇದೇ ಕಣೋ!” ಎಂದಳು ಮಾರ್ಲಿಸ್.

ನನಗೆ ಇಬ್ಬರ ಮಾತೂ ಸರಿ ಎನಿಸಿತು. ಕಥೆ ಬರೆಯುವವಳಿಗೆ ಇದು ಅನುಕೂಲ. ಬೇಲಿಯಿಂದ ಅರ್ಧ ಮೈಲಿ ದೂರದಲ್ಲಿ ಮಲಗುವವಳಿಗೆ ಅಷ್ಟೇನೂ ಅನುಕೂಲವಲ್ಲ.

5. ಪಟ್ಟಿ

ಬಾಗಿಲ ಬಳಿಯ ಚಿಕ್ಕ ಮೇಜಿನ ಮೇಲೆ ಒಂದು ಹಾಳೆ ಇತ್ತು. ಗೆರೆಗಳು, ನಂಬರುಗಳು, ಹದಿನಾರು ಹೆಸರು. ಹದಿನೇಳನೇ ಗೆರೆ ಖಾಲಿ. ದಾರದಲ್ಲಿ ಕಟ್ಟಿದ ಪೆನ್ನು.

ನಮ್ಮಲ್ಲಿ ಬೆಳೆದವರಿಗೆ ಇಂಥ ಹಾಳೆಗೆ ಒಂದೇ ಅರ್ಥ. ಊಟದ ಮನೆಯ ಗೋಡೆಯ ತುಂಬ ಇವೇ: ರೊಟ್ಟಿಯ ವಾರ, ಹಾಲು ಕರೆಯುವ ವಾರ, ಪಾತ್ರೆಯ ವಾರ. ಖಾಲಿ ಗೆರೆ ಕಂಡರೆ ಹೆಸರು ಬರೆಯಬೇಕು. ಬರೆಯದೆ ಹೋದರೆ ಸೋಮಾರಿ ಎಂದು ಬಾರ್ಬರಾ ಬಾಸೆಲ್ ಸಂಜೆಯೊಳಗೆ ಕಂಡುಹಿಡಿಯುತ್ತಾಳೆ. ನೂರಿಪ್ಪತ್ತು ಜನ ಕಾಫಿ ಕುಡಿದಿದ್ದಾರೆ, ಲೋಟ ಯಾರಾದರೂ ತೊಳೆಯಬೇಕಲ್ಲ. ಯುಸ್ಟೀನಾ ಎಂಟ್ಸ್ ಎಂದು ಬರೆದು ಬಂದೆ.

ಮುಕ್ಕಾಲು ಗಂಟೆಯ ನಂತರ ಗ್ಲೆನ್ ಕರೆದ. “ನಂಬರ್ ಹದಿನೇಳು. ಯುಸ್ಟೀನಾ ಎಂಟ್ಸ್.”

ಪಾತ್ರೆಗೆ ಕರೆದರು ಎಂದುಕೊಂಡೆ. ಕುಪ್ಪಸದ ತೋಳು ಮೇಲಕ್ಕೆ ಮಡಚಿದೆ. ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡೆ. ನೂರಿಪ್ಪತ್ತು ಕುರ್ಚಿಗಳ ನಡುವಿನ ದಾರಿಯಲ್ಲಿ ಸೀದಾ ನಡೆದು ಹೋದೆ. ಕೊನೆಯಲ್ಲಿ ತೊಟ್ಟಿ ಇರಲಿಲ್ಲ. ಮೈಕು ಇತ್ತು.

ದೀಪ ಹಸಿರಾಯಿತು.

5ಕ್ಕೆ ಆಕ್ಷೇಪಣೆಗಳು

ಬಾರ್ಬರಾ ಬಾಸೆಲ್: “ಸಂಜೆಯೊಳಗೆ ಅಂತ ಯಾಕೆ ಬರೆದೆ? ನಾನು ಮಧ್ಯಾಹ್ನದೊಳಗೇ ಕಂಡುಹಿಡೀತೀನಿ.”

ರಾಹೆಲ್: “ಹಾಳೆ ಮೇಲೆ ದೊಡ್ಡಕ್ಷರದಲ್ಲಿ ‘ಮಾತನಾಡಲು ಬಯಸುವವರು’ ಅಂತ ಇತ್ತಲ್ಲೇ. ನಾನು ಪೈ ಮೇಜಿನಿಂದಲೇ ಓದಿದೆ.”

“ನಾನು ನೋಡಲಿಲ್ಲ.”

“ನೀನು? ಬೆಳಗ್ಗೆ ಯಾರು ಎಷ್ಟು ಸಲ ಕೆಮ್ಮಿದ್ರು ಅನ್ನೋದನ್ನೂ ನೋಡೋಳು ನೀನು. ಅದನ್ನ ನೋಡಲಿಲ್ವಾ?”

ಇಲ್ಲಿಗೆ ಬಂದು ನಿಂತಿದೆ ಕಥೆ. ಹದಿನೈದಕ್ಕೆ ಶಾಲೆ ಬಿಟ್ಟವಳು ನಿಜ, ಆದರೆ ಓದಲು ಬರುತ್ತದೆ. ಹಾಳೆ ನೋಡಿದ್ದು ನೆನಪಿದೆ, ಗೆರೆ ನೆನಪಿದೆ, ಪೆನ್ನಿನ ದಾರ ನೀಲಿ ಎಂಬುದು ನೆನಪಿದೆ. ಶೀರ್ಷಿಕೆ ಇದ್ದ ಜಾಗದಲ್ಲಿ ಏನೂ ಇಲ್ಲ. ಓದಲಿಲ್ಲವೋ, ಓದಿ ಮರೆತೆನೋ, ಓದದ ಹಾಗೆ ಕೈ ತನ್ನ ಪಾಡಿಗೆ ಬರೆಯಿತೋ. ಹಿಂದಕ್ಕೆ ಹೋಗಿ ನನ್ನ ಮುಖ ನೋಡೋಣವೆಂದರೆ ಮಾರ್ಲಿಸ್ ಹೇಳಿದ ಆ ಒಂದು ನೋಟಕ್ಕೆ ಸಮಯ ದಾಟಿಹೋಗಿದೆ.

ಕೊನೆಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ

ಬಾರ್ಬರಾ ಬಾಸೆಲ್ ಕೊಟ್ಟ ಕೊನೆ: ಹುಡುಗಿ ಮೈಕು ಕಂಡು ಬೆದರಿ, ಬಟ್ಟೆಯಿಂದ ಅದನ್ನೇ ಒಮ್ಮೆ ಒರೆಸಿ, ಓಡಿ ಬಂದಳು. ಪೈ ಎಲ್ಲ ಖರ್ಚಾಯಿತು. ದೀಕ್ಷೆಯಾಯಿತು. (ಮೈಕು ಒರೆಸಿದ್ದು ನಿಜ. ಅದು ಹೇಗೆ ಅವಳಿಗೆ ಕಂಡಿತೋ.)

ರಾಹೆಲ್ ಕೊಟ್ಟ ಕೊನೆ: ಹುಡುಗಿ ಮೂರು ನಿಮಿಷ ಗುಡುಗಿದಳು. ವೇಡ್ ಅತ್ತ. ಗ್ಲೆನ್ ಅತ್ತ. ಟೈಪು ಮಾಡುವವಳ ಯಂತ್ರ ಒದ್ದೆಯಾಯಿತು. ಪತ್ರ ಹೋಯಿತು, ನೆರೆಯವರು ಮನೆ ಖಾಲಿ ಮಾಡಿದರು, ಆ ಎಕರೆಯಲ್ಲಿ ಆಲೂಗಡ್ಡೆ ಹಾಕಿದೆವು. ಹುಡುಗಿಗೆ ಪಕ್ಕದ ಕಾಲೊನಿಯ ಎತ್ತರದ ಹುಡುಗನೊಂದಿಗೆ ಮದುವೆ. “ಎತ್ತರದವನೇ ಯಾಕೆ?” ಎಂದರೆ “ಕಥೆ ತಾನೇ, ಗಿಡ್ಡ ಯಾಕೆ?” ಎಂದಳು.

ಯೋಸ್ವಾ ವೆಟರ್ ಕೊನೆ ಹೇಳಲಿಲ್ಲ. ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಬಿಟ್ಟು, “ಇಲ್ಲಿ ‘ತಪ್ಪಾಯಿತು’ ಅಂತ ಬರಿ ಸಾಕು,” ಎಂದರು. “ಯಾವ ತಪ್ಪು ಅಂತ ನಾನು ಕೇಳಲ್ಲ.” ಅವರು ಕೆಟ್ಟವರಲ್ಲ. ಬೇಡಿಕೊಳ್ಳುವವರ ಹಾಗೆ ಹೇಳಿದರು.

ಕೌಂಟಿಯ ಕೊನೆ: ಮತದಾನವನ್ನು ಮುಂದಿನ ತಿಂಗಳಿಗೆ ಮುಂದೂಡಲಾಗಿದೆ.

6. ಗಂಟೆ

ಮರೆತಿದ್ದೆ. ಮೊನ್ನೆ ಬುಧವಾರ, ಬೆಳಗಿನ ಹತ್ತು ಗಂಟೆಗೆ, ಊಟದ ಹೊತ್ತೇ ಅಲ್ಲದ ಹೊತ್ತಿನಲ್ಲಿ, ಅಡುಗೆಮನೆಯ ಗಂಟೆ ಹೊಡೆಯಿತು. ಎಲ್ಲರೂ ಓಡಿ ಬಂದರು. ಕೊಟ್ಟಿಗೆಯಿಂದ, ಶಾಲೆಯಿಂದ, ಬಾತುಕೋಳಿ ಮನೆಯಿಂದ. ಗಂಡಸರು ಬಲಗಡೆ, ಹೆಂಗಸರು ಎಡಗಡೆ, ಖಾಲಿ ತಟ್ಟೆಗಳ ಮುಂದೆ ಕೂತರು. ಕೊನೆಗೆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ನಾನು ಬಂದೆ.

ಬಾಗಿಲಲ್ಲಿ ಯೋಸ್ವಾ ವೆಟರ್ ಕೈಗಡಿಯಾರ ಹಿಡಿದು ನಿಂತಿದ್ದರು.

“ಏನು ಅಡುಗೆ?” ಎಂದಳು ಅಜ್ಜಿ.

“ಏನಿಲ್ಲಮ್ಮ. ಎಲ್ಲಾ ವಾಪಸ್ ಹೋಗಿ.” ಆಮೇಲೆ ನನ್ನ ಕಡೆ ನೋಡದೆ, ನನಗೆ ಮಾತ್ರ ಕೇಳುವಂತೆ: “ನಾಲ್ಕು ನಿಮಿಷ ಹತ್ತು ಸೆಕೆಂಡು.”

ಮೈಕಿನ ಮುಂದೆ ನಾನು ಹೇಳಿದ್ದನ್ನು ಅವರು ಪರೀಕ್ಷೆ ಮಾಡಿ ನೋಡಿದ್ದರು. ಹೇಳಿದ್ದೇನೆಂದು ಇನ್ನೂ ಬರೆದಿಲ್ಲ. ಬರೆಯುವುದನ್ನು ಮುಂದಕ್ಕೆ ಹಾಕುತ್ತ ಬಂದೆ, ಏಕೆಂದರೆ ಅದನ್ನು ಬರೆದರೆ ಪಟ್ಟಿಯ ತಪ್ಪು ಮುಗಿದು ಇನ್ನೊಂದು ಶುರುವಾಗುತ್ತದೆ. ಹೆಸರು ಬರೆದದ್ದು ತಪ್ಪಿರಬಹುದು. ದೀಪ ಹಸಿರಾದ ಮೇಲೆ ನಾನು ತಿರುಗಿ ಬರಬಹುದಿತ್ತು. ಬರಲಿಲ್ಲ. ಅದು ತಪ್ಪಿನಿಂದ ಆದದ್ದಲ್ಲ, ವೆಟರ್. ಕೇಳಿದ ಆ ಒಂದು ವಾಕ್ಯ ಇದೇ. ಎರಡು ಬೆರಳಿನ ಜಾಗದಲ್ಲಿ ಹಿಡಿಸುತ್ತದೆ. ಭಾನುವಾರ ಏನು ಮಾಡುತ್ತೀರೋ ನೀವು ನೋಡಿಕೊಳ್ಳಿ. ಕಥೆಯಲ್ಲಿ ಅದನ್ನು ನಾನು ತೀರ್ಮಾನಿಸುವುದಿಲ್ಲ.

7.

ಮೈಕನ್ನು ಬಟ್ಟೆಯಿಂದ ಒರೆಸಿದೆ. ಮೈಕು ನನ್ನ ಉಸಿರನ್ನು ಇಡೀ ಕೋಣೆಗೆ ಕೇಳಿಸುತ್ತಿತ್ತು, ಅದು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ವೇಡ್ ಟೋಪಿ ತೆಗೆದ. ಹಿಂದಿನಿಂದ ಮಾರ್ಲಿಸ್, “ನಿಧಾನ ಮಗಳೇ,” ಎಂದಳು. ಗ್ಲೆನ್ ದೀಪ ನೋಡಿದ, ನನ್ನನ್ನು ನೋಡಿದ, ಹೆಗಲ ಮೇಲಿನ ಬಟ್ಟೆ ನೋಡಿದ.

“ನಮ್ಮ ಹೊಲದಲ್ಲಿ ಒಂದಿದೆ,” ಎಂದೆ. “ಪತ್ರದ ವಿಷಯ ನಂಗೊತ್ತಿಲ್ಲ. ಹಿಟ್ಟು ನಾದೋ ಯಂತ್ರ ತಗೊಳ್ಳೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ ನಮ್ಮ ಗಂಡಸರಿಗೆ ಹನ್ನೊಂದು ವಾರ ಹಿಡೀತು. ಹನ್ನೊಂದು ವಾರ ನಾನು ಕೇಳ್ತಿಲ್ಲ.”

ಯಾರೋ ನಕ್ಕರು. ನಿಲ್ಲಿಸಿದರು.

“ನಮ್ಮ ಅಡುಗೆಮನೇಲಿ ಫೋನಿದೆ. ಪಕ್ಕದಲ್ಲೇ ಊಟದ ಗಂಟೆ. ಅಡುಗೆ ವಾರದಲ್ಲಿ ಗಂಟೆ ಹೊಡೆಯೋಳು ನಾನು, ಗಡಿಯಾರ ನೋಡಿದೀನಿ. ಗಂಟೆ ಹೊಡೆದ್ರೆ ತೊಂಬತ್ತನಾಲ್ಕು ಜನ ಊಟದ ಮನೆ ಸೇರೋಕೆ ನಾಲ್ಕು ನಿಮಿಷ ಬೇಕು. ಅಜ್ಜೀನ ತಳ್ಕೊಂಡು ಬರೋದೂ ಸೇರಿ. ಅದು ನಮ್ಮ ಹೊಲದಿಂದ ಹಾರೋ ದಿನ ಬಂದ್ರೆ, ಯಾರು ಹಾರಿಸ್ತಾರೋ ಅವರು ಮೊದಲು ನಮಗೆ ಹೇಳಬೇಕು. ಓಡಿ ಹೋಗೋಕಲ್ಲ. ಓಡೋಕೆ ಜಾಗ ಇಲ್ಲ. ಎಲ್ಲರೂ ಒಂದೇ ಕಡೆ ಕೂತಿರೋಕೆ.”

ಫೋನ್ ನಂಬರ್ ಹೇಳಿದೆ. ಮೂಲೆಯ ಹೆಂಗಸು ಟೈಪು ಮಾಡಿದಳು. ಸರಿಯಾಗಿ ಬಂತೇನೋ ಎಂದು ಇನ್ನೊಂದು ಸಲ ಹೇಳಿದೆ.

ಮೇಜಿನ ಹಿಂದಿನ ಐವರೂ ನನ್ನನ್ನೇ ನೋಡುತ್ತಿದ್ದರು. ಗ್ಲೆನ್ ಬಾಯಿ ತೆರೆದ, ತನ್ನ ಮುಂದಿದ್ದ ನಿಯಮದ ಹಾಳೆ ನೋಡಿದ, ಮುಚ್ಚಿಕೊಂಡ. ದೀಪ ಇನ್ನೂ ಹಸಿರಾಗಿತ್ತು.

“ನಾಲ್ಕು ನಿಮಿಷ ಮೊದಲು ಯಾರಾದ್ರೂ ಒಂದು ಫೋನ್ ಮಾಡಿ,” ಎಂದೆ. “ದಯವಿಟ್ಟು.”